ಮೂರನೇ ದಿನದ ಫೋನ್ ಕರೆ

"ರೀ, ಏನ್ ಮಾಡ್ತಿದ್ದೀರಿ? ಮೊದಲು ಇಳೀರಿ ಕೆಳಗೆ."

ಏಣಿಯ ಮೇಲಿದ್ದವನು ತಿರುಗಿಯೂ ನೋಡಲಿಲ್ಲ. ಕೈಯಲ್ಲಿದ್ದ ಕಟರ್‌ನಿಂದ ಎರಡನೇ ಹಗ್ಗವನ್ನೂ ಕತ್ತರಿಸಿದ. ಎಂಟು ಮೀಟರ್ ಉದ್ದದ ಹಳದಿ ಬ್ಯಾನರ್ ಜರ್ರನೆ ಜಾರಿ ಬೋರಿಮ್‌ಳ ತಲೆಯ ಮೇಲೇ ಬಿತ್ತು.

ಬಟ್ಟೆಯೊಳಗಿಂದ ಅವಳು ಹೊರಬರುವಷ್ಟರಲ್ಲಿ ಕೂದಲು ಕೆದರಿತ್ತು, ಕನ್ನಡಕ ನೆಲಕ್ಕೆ ಬಿದ್ದಿತ್ತು. ಇಂಚಾನ್‌ನ ಆ ಸ್ಟೇಷನ್ ಚೌಕದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಅಜ್ಜಂದಿರೆಲ್ಲ ಚೆಸ್ ಬಿಟ್ಟು ಇವಳನ್ನೇ ನೋಡುತ್ತಿದ್ದರು.

ಬ್ಯಾನರ್ ಮೇಲೆ ಇಷ್ಟಗಲದ ಅಕ್ಷರಗಳು. 'ಮಗು, ನಿನ್ನ ಮನೆ ನಿನಗಾಗಿ ಕಾಯುತ್ತಿದೆ. ಹಿಂದಿರುಗಿ ಬಾ.'

ಬರೆದವಳು ಅವಳೇ. ಮನೆ ಬಿಟ್ಟು ಓಡಿಬಂದ ಮಕ್ಕಳ ಆಶ್ರಯ ಕೇಂದ್ರದಲ್ಲಿ ಅವಳಿಗೆ ಕೆಲಸ. ಮೂರು ದಿನ ಕೂತು ಯೋಚಿಸಿ ಬರೆದ ಸಾಲು ಅದು.

"ಕಟ್ಟೋಕೆ ಕರೆದ್ರೆ ಕತ್ತರಿಸ್ತೀರಲ್ಲ, ತಲೆ ನೆಟ್ಟಗಿದೆಯಾ ನಿಮಗೆ?"

ಅವನು ಆಗ ಇಳಿದ. ಮೂವತ್ತರ ಆಸುಪಾಸಿನ ಮನುಷ್ಯ. ಹೆಸರು ಗಿಲ್ ಜಿನ್ಮೋ, ಸ್ಟೇಷನ್ ಹಿಂದಿನ ಬೀದಿಯಲ್ಲಿ ಬ್ಯಾನರ್ ಅಂಗಡಿ ಇಟ್ಟಿದ್ದಾನೆ. ಬೇರೆಡೆ ಮುದ್ರಿಸಿ ಸುತ್ತಿಟ್ಟಿದ್ದನ್ನು ಕಟ್ಟುವುದಕ್ಕಷ್ಟೇ ಬಂದವನು, ಕಟ್ಟಿ ಸುರುಳಿ ಬಿಡಿಸಿದ ಮೇಲೇ ಅದರಲ್ಲೇನಿದೆ ಎಂದು ಓದಿದ್ದ.

"ಯಾರ ಮನೆ ಮೇಡಂ?" ಅಂದ. ದನಿ ತಣ್ಣಗಿತ್ತು. "ಯಾರ ಮನೆ ಕಾಯ್ತಿದೆ? ವಿಳಾಸ ಕೊಡಿ, ನಾನೂ ಒಂದ್ಸಲ ಹೋಗಿ ನೋಡ್ಕೊಂಡು ಬರ್ತೀನಿ."

"ಓಡಿಹೋದ ಮಕ್ಕಳಿಗೆ ಧೈರ್ಯ ಬರಲಿ ಅಂತ..."

"ನೀವು ಯಾವತ್ತಾದ್ರೂ ಓಡಿಹೋಗಿದ್ರಾ? ಇಲ್ಲ ತಾನೆ. ಬರೆದಿರೋದು ನೋಡಿದ್ರೇ ಗೊತ್ತಾಗುತ್ತೆ."

ಬೋರಿಮ್ ನೆಲದಿಂದ ಕನ್ನಡಕ ಎತ್ತಿಕೊಂಡಳು. ಇವನಿಗೇನು ಗೊತ್ತು? ಹನ್ನೊಂದು ವರ್ಷದ ಹಿಂದೆ, ಹದಿನಾರರ ಅವಳ ತಮ್ಮ ಕ್ಯುಬಿನ್ ಬ್ಯಾಗು ಹೆಗಲಿಗೇರಿಸಿ ಹೋದವನು ಇವತ್ತಿಗೂ ಬಂದಿಲ್ಲ. ಅಂಕಗಳ ವಿಷಯಕ್ಕೆ ಅಪ್ಪನ ಜತೆ ಜಗಳವಾಯಿತು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಅಪ್ಪ ತೀರಿಕೊಂಡರು. ಅಮ್ಮ ಮಾತ್ರ ಬಾಗಿಲ ಬೀಗದ ಅಂಕಿಗಳನ್ನು ಇಂದಿಗೂ ಬದಲಾಯಿಸಿಲ್ಲ, ಅವನು ಬಂದರೆ ಒತ್ತಿ ಒಳಗೆ ಬರಲಿ ಎಂದು.

ಮನೆ ಕಾಯುತ್ತದೆ. ಕಾಯುವ ಮನೆಯನ್ನು ಅವಳು ಕಣ್ಣಾರೆ ಕಂಡಿದ್ದಾಳೆ. ಆದರೆ ಅಷ್ಟನ್ನೂ ಏಣಿ ಹಿಡಿದ ಅಪರಿಚಿತನಿಗೆ ಹೇಳುವುದುಂಟೆ?

"ನೀವು ಹೊರಡಿ. ನಾನೇ ಕಟ್ತೀನಿ," ಎಂದಳು.

ಕಟ್ಟಿದಳು ಕೂಡ. ಐದು ನಿಮಿಷಕ್ಕೆ ಒಂದು ತುದಿ ಕಳಚಿ, ಬ್ಯಾನರ್ ಹೂಗಿಡಗಳ ಮೇಲೆ ನೇತಾಡಿತು. ಚೌಕದ ಮೂಲೆಯವರೆಗೆ ಹೋಗಿದ್ದ ಜಿನ್ಮೋ ಗೊಣಗುತ್ತಾ ವಾಪಸ್ ಬಂದು, ಅವಳ ಕೈಯಿಂದ ಹಗ್ಗ ಕಿತ್ತುಕೊಂಡು, ಎರಡೂ ತುದಿ ಬಿಗಿಯಾಗಿ ಕಟ್ಟಿದ. ಬರೆದಿದ್ದು ಸುಳ್ಳೇ ಆದರೂ ಗಂಟು ಸಡಿಲ ಇರಬಾರದು ಎಂದು ಹೇಳಿ ಹೋದ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಇದು ಏಪ್ರಿಲ್ ಕೊನೆಯ ಮಾತು. ಮೇ ತಿಂಗಳು ಬಂತೆಂದರೆ ನಮ್ಮ ಊರಿಗೆ ಕುಟುಂಬದ ಹುಚ್ಚು ಹಿಡಿಯುತ್ತದೆ. ಐದಕ್ಕೆ ಮಕ್ಕಳ ದಿನ, ಎಂಟಕ್ಕೆ ಅಪ್ಪ ಅಮ್ಮನ ದಿನ. ಎಲ್ಲ ಅಂಗಡಿಯ ಮುಂದೂ ಕೆಂಪು ಕಾರ್ನೇಷನ್ ಹೂವಿನ ಬುಟ್ಟಿಗಳು. ಮಕ್ಕಳ ಕೈಯಲ್ಲಿ ಆ ಹೂವನ್ನು ಎದೆಗೆ ಚುಚ್ಚಿಸಿಕೊಂಡು ಹಿರಿಯರು ದಿನವಿಡೀ ಬೀಗುತ್ತಾ ತಿರುಗುತ್ತಾರೆ. ಓಡಿಹೋದ ಮಕ್ಕಳ ಬಗ್ಗೆ ಜಾಗೃತಿ ಮೂಡಿಸುವ ಕಾರ್ಯಕ್ರಮವನ್ನು ಇದೇ ವಾರದಲ್ಲಿ ಇಡಬೇಕೆಂದು ಯಾರಿಗೆ ಹೊಳೆಯಿತೋ, ಆ ಪುಣ್ಯಾತ್ಮನಿಗೆ ದೂರದಿಂದಲೇ ನಮಸ್ಕಾರ.

ಆ ಪುಣ್ಯಾತ್ಮ ಕೇಂದ್ರದ ಮುಖ್ಯಸ್ಥ ಪ್ಯೋ. ಕೆಟ್ಟ ಮನುಷ್ಯನಲ್ಲ. ನಮ್ಮ ಹಾಗೇ ಒಬ್ಬ ಮನುಷ್ಯ, ಮಕ್ಕಳು ಓಡಿಹೋದರೆ ತಪ್ಪು ಮಕ್ಕಳದ್ದೇ ಎಂದು ಒಳಗೊಳಗೇ ನಂಬಿದವನು. ನಾವೆಲ್ಲ ನಂಬಿಲ್ಲವೇ? ಅಂಗಡಿ ಮೆಟ್ಟಿಲ ಮೇಲೆ ಮಲಗಿದ್ದ ಹುಡುಗಿಯನ್ನು ದಾಟಿಕೊಂಡು ಹೋಗುವಾಗ ನಮ್ಮ ಬಾಯಿಗೆ ಬರುವ ಮೊದಲ ಮಾತು ಏನು? 'ಹೆತ್ತವರ ಹೊಟ್ಟೆ ಎಷ್ಟು ಉರಿಯುತ್ತಿದೆಯೋ' ಎಂದಲ್ಲವೇ? ಹುಡುಗಿಯ ಹೊಟ್ಟೆಗೆ ಏನಾದರೂ ಬಿದ್ದಿದೆಯೇ ಎಂದು ಕೇಳುವವರನ್ನು ನಾನು ಕಂಡಿಲ್ಲ.

ಅದನ್ನು ಕೇಳಿದವನು ಜಿನ್ಮೋ.

ಮರುದಿನವೇ ಕೇಂದ್ರಕ್ಕೆ ಬಂದ, ಹೆಗಲ ಮೇಲೆ ಸುತ್ತಿದ ಒಂದು ಬ್ಯಾನರ್. ಕ್ಷಮೆ ಕೇಳುವುದು ಅವನಿಗೆ ಬರುತ್ತಿರಲಿಲ್ಲ, ಬದಲಿಗೆ ಇದನ್ನು ತಂದಿದ್ದ. ಬಿಡಿಸಿದಾಗ ಒಂದೇ ಸಾಲು ಇತ್ತು. 'ಎಲ್ಲಿದ್ದರೂ ಸರಿ. ಊಟ ಆಯ್ತಾ?'

ಪ್ಯೋ ಓದಿ, ಇದೇನು ಹೋಟೆಲ್ ಜಾಹೀರಾತೇ ಎಂದು ನಕ್ಕರು. ಬೋರಿಮ್ ನಗಲಿಲ್ಲ. ಆ ಸಾಲನ್ನು ನೋಡುತ್ತಾ ಅವಳಿಗೆ ನಿನ್ನೆಯ ಸಿಟ್ಟು ಎಲ್ಲಿ ಹೋಯಿತೆಂದೇ ತಿಳಿಯಲಿಲ್ಲ. ಇಬ್ಬರೂ ಸೇರಿ ಅದನ್ನು ಹಿಂದಿನ ಗಲ್ಲಿಯ ಗೋಡೆಗೆ ಕಟ್ಟಿದರು. ಗಂಟು ಹಾಕುವುದನ್ನು ಅವನು ಎರಡು ಸಲ ಹೇಳಿಕೊಟ್ಟ, ಮೂರನೇ ಸಲ ಅವಳು ಬೇಕೆಂದೇ ತಪ್ಪು ಹಾಕಿದಳು.

"ಬ್ಯಾನರ್ ಮೇಡಂ, ನಿಮಗೆ ಗಂಟು ಹಾಕೋಕೆ ಬರಲ್ವೋ, ಇಲ್ಲಾ ನನ್ನನ್ನ ಕಳಿಸೋಕೆ ಮನಸ್ಸಿಲ್ವೋ?"

"ಏಣಿ ಮೇಲಿದ್ದೀರಿ, ನೆನಪಿರಲಿ. ಅಲ್ಲಾಡಿಸಿಬಿಡ್ತೀನಿ."

ಆ ವಾರ ಅವನು ದಿನವೂ ಏನಾದರೂ ನೆಪ ತೆಗೆದು ಬಂದ. ಗಲ್ಲಿಯ ತುದಿಯ ನೂಡಲ್ಸ್ ಅಂಗಡಿಯಲ್ಲಿ ಒಟ್ಟಿಗೆ ಊಟ ಮಾಡಿದರು. 'ನೀವು' ಹೋಗಿ 'ನೀನು' ಬಂತು. ತಟ್ಟೆಯಲ್ಲಿದ್ದ ಮೂಲಂಗಿ ಕಿಮ್ಚಿ ಉಪ್ಪಿನಕಾಯಿಯ ಕೊನೇ ತುಂಡಿಗೆ ಜಗಳ ಆಡುವಷ್ಟು ಸಲಿಗೆಯೂ ಬಂತು. ಬೋರಿಮ್‌ಗೆ ಇಪ್ಪತ್ತೊಂಬತ್ತು. ಈ ವಯಸ್ಸಿಗೆ ಯಾರಿಗೋಸ್ಕರವೋ ಲಿಪ್‌ಸ್ಟಿಕ್ ಹಚ್ಚಿಕೊಂಡು ಕೆಲಸಕ್ಕೆ ಹೋಗುತ್ತಿದ್ದೇನಲ್ಲ ಎಂದು ಕನ್ನಡಿಯ ಮುಂದೆ ನಾಚಿಕೆಯಾಯಿತು.

ಮೇ ಒಂದಕ್ಕೆ ಆ ಗಲ್ಲಿಯತ್ತ ಇದ್ದ ಕೇಂದ್ರದ ಹಿಂಬಾಗಿಲನ್ನು ಒಬ್ಬ ಹುಡುಗಿ ತಟ್ಟಿದಳು. ಹದಿನೇಳು ವರ್ಷ, ಹೆಸರು ನಾರೇ. ಬಿಸಿಲಿದ್ದರೂ ತುಂಬು ತೋಳಿನ ಅಂಗಿ.

"ಊಟ ಅಂತ ಬರೆದಿದೆಯಲ್ಲ ಅಕ್ಕ. ನಿಜಾನಾ?" ಎಂದು ಕೇಳಿದಳು.

ಮೂರು ಬಟ್ಟಲು ಅನ್ನ ತಿಂದಳು. ಆಮೇಲೆ ಕಚೇರಿಯಲ್ಲಿ ಕೂರಿಸಿ ಅರ್ಜಿ ತುಂಬಿಸಿದರು. ಒಂಬತ್ತನೇ ಪ್ರಶ್ನೆ: ಮನೆಯಲ್ಲಿ ಹೊಡೆಯುತ್ತಾರೆಯೇ? ಬಾಗಿಲು ತೆರೆದಿತ್ತು, ಪ್ಯೋ ಎದುರಿಗೇ ಕೂತಿದ್ದರು, ಪಕ್ಕದ ಮೇಜಿನವರು ಟೈಪ್ ಮಾಡುತ್ತಿದ್ದರು. ನಾರೇ ಇಲ್ಲ ಎಂದಳು. ಬೋರಿಮ್ 'ಇಲ್ಲ' ಎಂಬಲ್ಲಿ ಗುರುತು ಹಾಕಿದಳು.

ಹೌದು ಎಂದಿದ್ದರೆ ದಾರಿ ಬೇರೆ, ಪೊಲೀಸರಿಗೆ ತಿಳಿಸಬೇಕು, ಮನೆಗೆ ಹೇಳುವಂತಿಲ್ಲ. ಇಲ್ಲ ಎಂದರೆ ಮೂರು ದಿನದೊಳಗೆ ಹೆತ್ತವರಿಗೆ ಫೋನ್ ಮಾಡಬೇಕು. ನಿಯಮ ಮಾಡಿದವರಿಗೊಂದು ಮಾತು ಕೇಳಬೇಕೆನಿಸುತ್ತದೆ. ನಿಮ್ಮ ಮೈಮೇಲಿನ ಏಟನ್ನು ನೀವಾದರೆ ಮೂರು ದಿನದಲ್ಲಿ, ಮುಖ ಪರಿಚಯವಿಲ್ಲದ ನಾಲ್ಕು ಜನರ ಮುಂದೆ ಹೇಳುತ್ತಿದ್ದಿರಾ?

ಮೂರನೇ ದಿನ ಬೆಳಿಗ್ಗೆ ಬೋರಿಮ್ ಫೋನ್ ಮಾಡಿದಳು.

ಆ ಕಡೆ ಗಂಡಸಿನ ದನಿ ಮೊದಲು ನಡುಗಿತು, ಆಮೇಲೆ ಅಳು. ಮಗಳು ಬದುಕಿದ್ದಾಳಲ್ಲ, ಅಷ್ಟು ಸಾಕು ಎಂದು ಅತ್ತ. ಬೋರಿಮ್‌ಗೆ ಅಮ್ಮ ಕಣ್ಣ ಮುಂದೆ ಬಂದಳು. ಇಂಥ ಒಂದು ಕರೆಗಾಗಿ ಹನ್ನೊಂದು ವರ್ಷದಿಂದ ಫೋನನ್ನು ಸ್ನಾನದ ಮನೆಗೂ ಒಯ್ಯುವ ಅಮ್ಮ! ಮಗು ಕ್ಷೇಮ ಎಂದಷ್ಟೇ ಹೇಳಿದ್ದರೆ ನಿಯಮಕ್ಕೆ ಸಾಕಿತ್ತು. ಅವಳು ಕೇಂದ್ರ ಯಾವುದು, ಎಲ್ಲಿದೆ ಎಂಬುದನ್ನೂ ಹೇಳಿಬಿಟ್ಟಳು. ಅಪರಿಚಿತನ ಜತೆ ಸೇರಿ ತಾನೂ ಅತ್ತಳು.

ಅದೇ ಮಧ್ಯಾಹ್ನ ನೂಡಲ್ಸ್ ಅಂಗಡಿಯಲ್ಲಿ, ಜಿನ್ಮೋ ಯಾವಾಗಲೂ ತಲೆ ಒಂದು ಕಡೆಗೆ ಓರೆ ಮಾಡಿ ಕೇಳಿಸಿಕೊಳ್ಳುವುದೇಕೆ ಎಂದು ಅವಳು ತಮಾಷೆ ಮಾಡಿದಳು.

ಅವನು ಚಾಪ್‌ಸ್ಟಿಕ್ ಕೆಳಗಿಟ್ಟ. ಎಡಗಿವಿ ಕೇಳಿಸುವುದಿಲ್ಲ ಎಂದ. ಹದಿನೈದನೇ ವಯಸ್ಸಿನಲ್ಲಿ ದೇಜಾನ್‌ನ ಒಂದು ಆಶ್ರಯ ಕೇಂದ್ರಕ್ಕೆ ಓಡಿಹೋಗಿದ್ದನಂತೆ. ಮೂರನೇ ದಿನ ಅಲ್ಲಿನ ಹೆಂಗಸೊಬ್ಬಳು ಮನೆಗೆ ಫೋನ್ ಮಾಡಿದಳು. ಅಪ್ಪ ಎರಡು ಪೆಟ್ಟಿಗೆ ಕಿತ್ತಳೆ ಹಿಡಿದು ಬಂದು, ಎಲ್ಲರಿಗೂ ಸೊಂಟ ಬಗ್ಗಿಸಿ ನಮಸ್ಕರಿಸಿದ. ಎಂಥ ಒಳ್ಳೇ ಅಪ್ಪ ಎಂದು ಎಲ್ಲರೂ ಹೊಗಳಿದರು. ಕಾರಿನಲ್ಲಿ ದಾರಿಯುದ್ದಕ್ಕೂ ಹಾಡು ಗುನುಗಿದ. ಮನೆಗೆ ಹೋಗಿ ಬಾಗಿಲು ಹಾಕಿಕೊಂಡ.

"ಆ ಹೆಂಗಸಿನ ದನಿ ತುಂಬಾ ಮೃದುವಾಗಿತ್ತು," ಎಂದ ಜಿನ್ಮೋ. "ಫೋನಲ್ಲಿ ಅಪ್ಪನ ಜತೆ ಅಳ್ತಿದ್ಲು. ಅವಳು ಕೆಟ್ಟವಳಾಗಿದ್ರೆ ನನಗೆ ಇಷ್ಟು ಸಿಟ್ಟು ಇರ್ತಿರಲಿಲ್ಲ."

ತಿಂಗಳೊಳಗೆ ಮತ್ತೆ ಓಡಿದ್ದ. ಆಮೇಲೆ ಯಾವ ಕೇಂದ್ರದ ಮೆಟ್ಟಿಲನ್ನೂ ಹತ್ತಲಿಲ್ಲ. ಮುದುಕನೊಬ್ಬ ಹೆಸರು ಕೇಳದೆ, ಊಟ ಆಯ್ತಾ ಎಂದು ಮಾತ್ರ ಕೇಳಿ, ಬ್ಯಾನರ್ ಕಟ್ಟುವ ಕೆಲಸ ಕಲಿಸಿದ.

ಬೋರಿಮ್‌ಳ ಬಟ್ಟಲು ತಣ್ಣಗಾಯಿತು. ಈಗಲೇ ಹೇಳು, ಈಗಲೇ ಹೇಳು ಎಂದು ಒಳಗಿನಿಂದ ಯಾರೋ ಒದ್ದಂತಾಯಿತು... ಹೇಳಿದರೆ ಈ ಮನುಷ್ಯ ಎದ್ದು ಹೋಗುತ್ತಾನೆ. ಹೇಳಲಿಲ್ಲ. ನಾರೇಯ ಅಪ್ಪ ಹಾಗಿರಲಾರ ಎಂದು ತನಗೆ ತಾನೇ ಹೇಳಿಕೊಂಡಳು. ಅವನು ಅಷ್ಟು ಅತ್ತನಲ್ಲ!

ಮೇ ಎಂಟು, ಅಪ್ಪ ಅಮ್ಮನ ದಿನ, ಸ್ಟೇಷನ್ ಚೌಕ. ವೇದಿಕೆ, ಧ್ವನಿವರ್ಧಕ, ಇನ್ನೂರು ಕುರ್ಚಿ. ವೇದಿಕೆಯ ಹಿಂದಿನ ಬಟ್ಟೆ ಕಟ್ಟಿದ್ದು ಜಿನ್ಮೋ, ಅಲ್ಲೇ ಏಣಿಯ ಪಕ್ಕ ನಿಂತಿದ್ದ. ಊರ ಹಿರಿಯರೊಬ್ಬರಿಗೆ ಹೂ ಚುಚ್ಚಿ ನಾಲ್ಕು ಮಾತು ಓದಿದರೆ ಸಾಕು ಎಂದು ನಾರೇಗೆ ಹೇಳಿದ್ದರು. ಅವಳು ಹೂ ಹಿಡಿದು ಮೇಲೆ ಹೋದಳು.

ಪ್ಯೋ ಮೈಕ್‌ನಲ್ಲಿ, ಇವತ್ತು ಒಂದು ಅಚ್ಚರಿ ಕಾದಿದೆ ಎಂದರು.

ಬದಿಯಿಂದ ಇಸ್ತ್ರಿ ಮಾಡಿದ ಕೋಟು ತೊಟ್ಟ ಗಂಡಸೊಬ್ಬ ಮೆಟ್ಟಿಲು ಹತ್ತಿ ಬಂದ. ಕಣ್ಣು ಆಗಲೇ ಒದ್ದೆ. ಕೇಂದ್ರದ ವಿಳಾಸ ಹಿಡಿದು ಅವನು ಪ್ಯೋ ಅವರಿಗೆ ಫೋನ್ ಮಾಡಿದ್ದ, ಅಪ್ಪ-ಮಗಳನ್ನು ವೇದಿಕೆಯ ಮೇಲೇ ಸೇರಿಸೋಣ ಎಂದು ಪ್ಯೋ ಯಾರಿಗೂ ಹೇಳದೆ ಏರ್ಪಾಡು ಮಾಡಿದ್ದರು. ಬೋರಿಮ್‌ಗೂ ಹೇಳಿರಲಿಲ್ಲ.

ನಾರೇ ಅಪ್ಪನನ್ನು ನೋಡಿದಳು. ಕಿರುಚಲಿಲ್ಲ, ಓಡಲೂ ಇಲ್ಲ. ನೆಟ್ಟಗೆ ನಡೆದು ಹೋಗಿ ಅವನ ಕೋಟಿಗೆ ಹೂ ಚುಚ್ಚತೊಡಗಿದಳು.

"ತಪ್ಪಾಯ್ತು ಅಪ್ಪ. ತಪ್ಪಾಯ್ತು ಅಪ್ಪ. ತಪ್ಪಾಯ್ತು ಅಪ್ಪ..."

ಏರಿಳಿತವಿಲ್ಲದ ಒಂದೇ ದನಿ. ಪಿನ್ನು ಅವಳ ಬೆರಳಿಗೇ ಚುಚ್ಚಿ ರಕ್ತ ಬರುತ್ತಿತ್ತು, ಅವಳಿಗೆ ಅದರ ಅರಿವೇ ಇರಲಿಲ್ಲ. ಇನ್ನೂರು ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ನೋಡಿ, ಎಷ್ಟು ಚೆನ್ನಾಗಿ ಜಾಗೃತಿ ಮೂಡಿತು!

ಬೋರಿಮ್‌ಳ ತಲೆಯಲ್ಲಿ ಹನ್ನೊಂದು ವರ್ಷದಿಂದ ಮುಚ್ಚಿದ್ದ ಯಾವುದೋ ಬಾಗಿಲು ದಡಾರನೆ ತೆರೆಯಿತು. ಈ ಮಾತು ಅವಳು ಕೇಳಿದ್ದಳು. ಪಕ್ಕದ ಕೋಣೆಯಿಂದ, ಇದೇ ದನಿಯಲ್ಲಿ, ಲೆಕ್ಕವಿಲ್ಲದಷ್ಟು ಸಲ ಕೇಳಿದ್ದಳು.

ಹೇಗೆ ವೇದಿಕೆ ಹತ್ತಿದಳೋ ಅವಳಿಗೇ ಗೊತ್ತಿಲ್ಲ. ಪ್ಯೋ ಕೈಯಿಂದ ಮೈಕ್ ಕಿತ್ತುಕೊಂಡಳು.

"ಚಪ್ಪಾಳೆ ನಿಲ್ಲಿಸಿ. ಮಗು ಹೆದರಿಕೊಂಡಿದೆ, ನಿಮಗೆ ಕಣ್ಣು ಕಾಣಲ್ವಾ?"

ಚಪ್ಪಾಳೆ ಅರ್ಧಕ್ಕೇ ನಿಂತಿತು. ಅವಳು ಅಲ್ಲೇ, ಎಲ್ಲರಿಗೂ ಕೇಳುವಂತೆ, ಪೊಲೀಸರ ನೂರಾ ಹನ್ನೆರಡಕ್ಕೆ ಫೋನ್ ಮಾಡಿದಳು. ನಾನು ಆಶ್ರಯ ಕೇಂದ್ರದ ಉದ್ಯೋಗಿ, ಮಗುವಿನ ಮೇಲೆ ದೌರ್ಜನ್ಯ ನಡೆದಿರುವ ಅನುಮಾನವಿದೆ, ದೂರು ಕೊಡುತ್ತಿದ್ದೇನೆ ಎಂದಳು. ಅಪ್ಪ ನಾರೇಯ ಮುಂಗೈ ಹಿಡಿದು ಎಳೆಯುವಷ್ಟರಲ್ಲಿ ಜಿನ್ಮೋ ಇಬ್ಬರ ನಡುವೆ ನಿಂತಿದ್ದ. ಅಪ್ಪ-ಮಗಳನ್ನು ಬೇರೆ ಮಾಡುತ್ತೀರಾ ಎಂದು ಕೆಳಗಿನಿಂದ ಯಾರೋ ಬೈದರು.

"ಇವಳೇ ನನಗೆ ಫೋನ್ ಮಾಡಿದ್ದು," ಎಂದು ಅಪ್ಪ ಜನರ ಕಡೆ ತಿರುಗಿ ಬೋರಿಮ್‌ಳನ್ನು ತೋರಿಸಿದ. "ಮಗಳು ಎಲ್ಲಿದ್ದಾಳೆ ಅಂತ ಹೇಳಿದ್ದೂ ಇವಳೇ. ನನ್ ಜತೆ ಅತ್ತಿದ್ಲು, ಕೇಳಿ ಬೇಕಾದ್ರೆ."

ಜಿನ್ಮೋ ನಿಧಾನಕ್ಕೆ ತಲೆ ತಿರುಗಿಸಿ ಅವಳನ್ನು ನೋಡಿದ. ಅವಳು ಇಲ್ಲ ಎನ್ನಲಿಲ್ಲ.

ಪೊಲೀಸರು ಬಂದು ನಾರೇಯನ್ನು ಪಕ್ಕಕ್ಕೆ ಕರೆದು, ಮನೆಗೆ ಹೋಗುತ್ತೀಯಾ ಎಂದು ಕೇಳಿದರು. ಅವಳು ತುಂಬಾ ಹೊತ್ತಿನ ಮೇಲೆ ತಲೆ ಅಡ್ಡ ಆಡಿಸಿದಳು. ಅಲ್ಲಿಯವರೆಗೂ ಅವಳ ಮುಂದೆ ಗೋಡೆಯಾಗಿ ನಿಂತಿದ್ದ ಜಿನ್ಮೋ, ಅವಳನ್ನು ಹತ್ತಿಸಿಕೊಂಡ ಪೊಲೀಸ್ ಕಾರು ಹೊರಟ ಮೇಲೆ ಏಣಿ ಮಡಚಿದ.

"ಕೆಲಸ ಮುಗೀತು ಮೇಡಂ. ನಾನಿನ್ನು ಬರ್ತೀನಿ."

ಮೇಡಂ... ಆ ಒಂದು ಮಾತು ಅವಳ ಎದೆಗೆ ಚುಚ್ಚಿತು.

ನಾರೇಯನ್ನು ಎರಡು ವಾರದ ಮಟ್ಟಿಗೆ ಬೇರೆ ಕಡೆ ಇಟ್ಟರು. ಆಮೇಲೆ ಮಕ್ಕಳ ರಕ್ಷಣಾ ಸಮಿತಿ ತೀರ್ಮಾನಿಸಬೇಕು, ಮನೆಗೋ ಬೇಡವೋ ಎಂದು. ಅಪ್ಪ ವಕೀಲನನ್ನು ಹಿಡಿದ. ಮೈಮೇಲಿನ ಕಲೆಗಳಿಗೆ, ಹುಡುಗಿ ಆಟದಲ್ಲಿ ಬಿದ್ದಳು ಎಂಬ ಉತ್ತರ ಸಿದ್ಧವಿತ್ತು. ಅವನ ಕೈಯಲ್ಲಿದ್ದ ದೊಡ್ಡ ಸಾಕ್ಷಿ ಯಾವುದು ಗೊತ್ತೇ? ಒಂಬತ್ತನೇ ಪ್ರಶ್ನೆಯ ಎದುರು, ಬೋರಿಮ್‌ಳ ಕೈಯಲ್ಲೇ ಹಾಕಿದ ಆ 'ಇಲ್ಲ' ಎಂಬ ಗುರುತು.

ಪ್ಯೋ ಬೋರಿಮ್‌ಗೆ ಶಿಸ್ತುಕ್ರಮದ ನೋಟಿಸ್ ಕೊಟ್ಟರು. ಅವಳು ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಬ್ಯಾನರ್ ಅಂಗಡಿಗೆ ಹೋದಳು.

ಜಿನ್ಮೋ ಬಟ್ಟೆಯ ಅಂಚನ್ನು ಯಂತ್ರದಲ್ಲಿ ಕಾಯಿಸಿ ಕತ್ತರಿಸುತ್ತಿದ್ದ. ಕೂರು ಎನ್ನಲಿಲ್ಲ.

"ಕ್ಷಮೆ ಕೇಳೋಕೆ ಬಂದಿಲ್ಲ," ಎಂದಳು. "ನಾರೇ ಯಾಕೆ ಇಲ್ಲ ಅಂದ್ಲು ಅಂತ ಸಮಿತಿಗೆ ಹೇಳೋರು ಬೇಕು. ನಾನು ಹೇಳಿದ್ರೆ, ನನ್ನ ತಪ್ಪು ಮುಚ್ಚಿಕೊಳ್ತಿದ್ದೀನಿ ಅಂತಾರೆ. ಅಂಥ ಅರ್ಜಿಯ ಮುಂದೆ ಕೂತು ಬಂದವರು ಹೇಳ್ಬೇಕು."

"ಹದಿನಾರು ವರ್ಷ ಯಾರಿಗೂ ಹೇಳಿಲ್ಲ. ನಿಮಗೆ ಹೇಳಿದೆ. ಅದೇ ದಿನ ಬೆಳಿಗ್ಗೆ ನೀವು ಫೋನ್ ಮಾಡಿ ಬಂದಿದ್ರಿ. ನನ್ನೆದುರು ಕೂತು ನೂಡಲ್ಸ್ ತಿಂದ್ರಿ."

"ಹೌದು."

"ಹೌದು ಅಂತೀರಲ್ಲ, ಮರ್ಯಾದೆ ಇದೆಯಾ?"

"ಇಲ್ಲ. ಇದ್ದಿದ್ರೆ ಓಡಿಹೋದ ನನ್ನ ತಮ್ಮ ಇವತ್ತು ಮನೇಲೇ ಇರ್ತಿದ್ದ."

ಅವನ ಕೈ ನಿಂತಿತು.

ಅವಳು ಆಗ ಹೇಳಿದಳು, ಅಮ್ಮನ ಮುಂದೆಯೂ ಹೇಳದಿದ್ದನ್ನು. ಅಂಕದ ಜಗಳವಲ್ಲ. ಅಪ್ಪ ತಮ್ಮನಿಗೆ ಬೆಲ್ಟ್ ತೆಗೆದು ಬಾರಿಸುತ್ತಿದ್ದರು. ಪಕ್ಕದ ಕೋಣೆಯಲ್ಲಿ ಅವಳು ಕಾಲೇಜು ಪರೀಕ್ಷೆಗೆ ಓದುತ್ತಿದ್ದಳು. "ಇಯರ್‌ಫೋನ್ ಹಾಕ್ಕೊಳ್ತಿದ್ದೆ. ತಪ್ಪಾಯ್ತು ಅಪ್ಪ ಅನ್ನೋದು ಆಗ್ಲೂ ಕೇಳಿಸ್ತಿತ್ತು, ಹಾಡಿನ ಸದ್ದು ಇನ್ನೂ ಜಾಸ್ತಿ ಮಾಡ್ತಿದ್ದೆ. ಮನೆ ಕಾಯ್ತಿದೆ ಅಂತ ಎಂಟು ಮೀಟರ್ ಬರೆದವಳು ನಾನು. ಏನು ಕಾಯ್ತಿತ್ತು ಅಂತ ನನಗೆ ಗೊತ್ತಿತ್ತು ಜಿನ್ಮೋ. ಗೊತ್ತಿತ್ತು."

ಅವನು ಯಂತ್ರ ಆರಿಸಿ, ಬೆನ್ನು ತಿರುಗಿಸಿ ನಿಂತ. ಸಮಿತಿ ಸೇರುವ ದಿನ, ಹೊತ್ತು, ಜಾಗ ಹೇಳಿ ಅವಳು ಹೊರಟಳು. ಬೀದಿಯಲ್ಲಿ ಹೋಗುವವರೆಲ್ಲ ನೋಡುವಂತೆ ಅಳುತ್ತಾ ಹೋದಳು.

ಸಮಿತಿ ಸೇರಿದ ದಿನ ಬೆಳಿಗ್ಗೆ ಹತ್ತು ಗಂಟೆಗೆ, ಸಭೆಯ ಬಾಗಿಲು ಮುಚ್ಚುವ ಹೊತ್ತಿಗೆ ಜಿನ್ಮೋ ಬಂದ. ಎರವಲು ಕೋಟು, ತೋಳು ಗಿಡ್ಡ. ಯಾರನ್ನೂ ನೋಡದೆ ಕೂತ. ಅವನ ಸರದಿ ಬಂದಾಗ ಎದ್ದು ನಿಂತ.

"ನಾನೂ ಇಲ್ಲ ಅಂತಾನೇ ಹೇಳಿದ್ದೆ," ಎಂದ. "ಹೌದು ಅಂದ್ರೆ ಅಪ್ಪನಿಗೆ ಗೊತ್ತಾಗುತ್ತೆ. ಗೊತ್ತಾದ್ರೆ ಜಾಸ್ತಿ ಬೀಳುತ್ತೆ. ಹೊಡೆತ ತಿನ್ನೋ ಮಗುಗೆ ಮೊದಲು ಬರೋ ಮಾತೇ ಇಲ್ಲ ಅನ್ನೋದು. ನೀವು ಆ ಕಾಗದ ನೋಡಿ ಇವಳನ್ನ ಕಳಿಸ್ತೀರಿ ಅಂದ್ರೆ, ನನ್ನನ್ನ ಕಳಿಸಿದವರೂ ಅದೇ ಕಾಗದ ನೋಡಿದ್ರು."

ಆಮೇಲೆ ನಡೆದದ್ದನ್ನೆಲ್ಲ ಹೇಳಿದ. ಕಿತ್ತಳೆ ಪೆಟ್ಟಿಗೆ, ಕಾರು, ಮುಚ್ಚಿದ ಬಾಗಿಲು. ಒಮ್ಮೆಯೂ ದನಿ ಎತ್ತಲಿಲ್ಲ. ಬೋರಿಮ್ ಎದ್ದು, ಗುರುತು ಹಾಕಿದ್ದು ನಾನು, ವಿಳಾಸ ಕೊಟ್ಟಿದ್ದೂ ನಾನು, ಎರಡೂ ತಪ್ಪು ಎಂದು ದಾಖಲಿಸಿಕೊಳ್ಳಿ ಎಂದಳು. ಅಷ್ಟು ಹೊತ್ತು ನೆಲ ನೋಡುತ್ತಿದ್ದ ನಾರೇ, ಯಾರೂ ಕೇಳದೆಯೇ, ಅಂಗಿಯ ತೋಳನ್ನು ಮೊಣಕೈ ತನಕ ಮೇಲಕ್ಕೆ ಸರಿಸಿ ಮೇಜಿನ ಮೇಲೆ ಕೈಯಿಟ್ಟಳು.

ನಾರೇ ಮನೆಗೆ ಹೋಗಲಿಲ್ಲ. ಬೇರೊಂದು ಊರಿನಲ್ಲಿ, ಐದು ಹುಡುಗಿಯರಿರುವ ಮನೆಯೊಂದರಲ್ಲಿ ಅವಳಿಗೆ ಜಾಗ ಸಿಕ್ಕಿತು. ಹೊರಡುವಾಗ ಬೋರಿಮ್‌ಳನ್ನು ಅಪ್ಪಿಕೊಳ್ಳಲಿಲ್ಲ. ತುಸು ದೂರವೇ ನಿಂತು, ನಂಗೆ ನಿಮ್ಮ ಮೇಲೆ ಇನ್ನೂ ಕೋಪ ಇದೆ ಅಕ್ಕ ಎಂದಳು. ಇರಲಿ ಎಂದಳು ಬೋರಿಮ್. ಅದಕ್ಕೆ ಆ ಮಗುವಿಗೆ ಹಕ್ಕಿತ್ತು.

ಸಮಿತಿ ಮುಗಿದ ಆ ದಿನವೇ, ಹೊರಗೆ ಮೆಟ್ಟಿಲ ಮೇಲೆ ಜಿನ್ಮೋ ಕೋಟು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಬೋರಿಮ್ ಎರಡು ಮೆಟ್ಟಿಲು ಮೇಲೆ ಕೂತಳು.

"ಆ ಹುಡುಗಿಗೋಸ್ಕರ ಬಂದೆ," ಎಂದ.

"ಗೊತ್ತು."

"ಅರ್ಧ."

ಅವಳಿಗೆ ಇನ್ನರ್ಧ ಏನೆಂದು ಕೇಳಲು ಧೈರ್ಯ ಸಾಲಲಿಲ್ಲ. ಅವನೇ ಹೇಳಿದ, ನೆಲ ನೋಡುತ್ತಾ.

"ಹದಿನಾರು ವರ್ಷದಿಂದ ಆ ಫೋನ್ ಮಾಡಿದವಳ ಮೇಲೆ ಹಲ್ಲು ಕಡೀತಾ ಇದ್ದೆ. ತಪ್ಪು ನಂದು ಅಂತ ಅವಳು ಒಂದ್ಸಲ ಎಲ್ಲರೆದುರು ಹೇಳಿದ್ರೆ ಸಾಕಿತ್ತು. ಅವಳು ಹೇಳಲಿಲ್ಲ. ಇವತ್ತು ನೀನು ಹೇಳಿದೆ." ಮಡಿಲಿನ ಕೋಟನ್ನು ಪಕ್ಕಕ್ಕಿಟ್ಟ. "ನೀನು ಅಂದ್ರೆ ನಂಗೆ ಇಷ್ಟ ಬೋರಿಮ್. ಅದೇ ದೊಡ್ಡ ತಲೆನೋವಾಗಿದೆ."

ಅವಳು ಎರಡು ಮೆಟ್ಟಿಲು ಇಳಿದು ಅವನ ಪಕ್ಕಕ್ಕೆ ಬಂದಳು. ಅವನ ಕೈಯ ಮೇಲೆ ತನ್ನ ಕೈಯಿಟ್ಟಳು. ಅವನು ಎಳೆದುಕೊಳ್ಳಲಿಲ್ಲ.

"ನನಗೂ ಇಷ್ಟ," ಎಂದಳು. "ಸಿಟ್ಟು ಹೋಯ್ತಾ?"

"ಎಲ್ಲಿ ಹೋಗುತ್ತೆ? ಹಾಗೇ ಇದೆ."

"ಅದು ಇಳಿಯೋವರೆಗೂ ಪಕ್ಕದಲ್ಲೇ ಇರ್ತೀನಿ."

"ಇಳಿಯದಿದ್ರೆ?"

"ಇಳಿಯೋದು ಬೇಡ."